ಹಾಜರಿ ಪುಸ್ತಕದಲ್ಲಿ ಇಲ್ಲದ ದುಡಿಮೆ

ಸಮಾಜಶಾಸ್ತ್ರದ ತರಗತಿಯಲ್ಲಿ ಕುಟುಂಬದ ಪಾಠ ಬಂದಾಗಲೆಲ್ಲ ವಿದ್ಯಾರ್ಥಿಗಳು ಮಾರ್ಕ್ಸ್‌ವಾದಿಗಳ ವಾದವನ್ನು ಒಂದೇ ಸಾಲಿಗೆ ಇಳಿಸಿಬಿಡುತ್ತಾರೆ: ಕುಟುಂಬ ಬಂಡವಾಳಶಾಹಿಯ ಸೇವೆ ಮಾಡುತ್ತದೆ. ಸರಿ, ಆದರೆ ಹೇಗೆ? ನಾನು ಪ್ರತಿಸಲ ಅಲ್ಲೇ ತಡೆದು ಕೇಳುತ್ತೇನೆ.

ಮಾರ್ಕ್ಸ್‌ನ ಒಡನಾಡಿ ಎಂಗೆಲ್ಸ್ 1884ರಲ್ಲಿ ಕೊಟ್ಟ ಉತ್ತರ ಆಸ್ತಿಯದು. ಖಾಸಗಿ ಆಸ್ತಿಯನ್ನು ತನ್ನದೇ ಮಕ್ಕಳಿಗೆ ಬಿಟ್ಟುಹೋಗಬೇಕೆಂಬ ಗಂಡಸಿನ ಹಂಬಲ ಹೆಣ್ಣನ್ನು ಒಬ್ಬನೇ ಗಂಡನಿಗೆ ಕಟ್ಟಿಹಾಕಿತು ಎಂದ. ಇದಕ್ಕೆ ಅವನು ನೆಚ್ಚಿಕೊಂಡ ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಗನ್‌ನ ಸಮಾಜ ವಿಕಾಸದ ಹಂತಗಳನ್ನು ಮುಂದಿನ ಮಾನವಶಾಸ್ತ್ರಜ್ಞರು ಒಪ್ಪಲಿಲ್ಲ. ಅದಿರಲಿ, ಬಿಟ್ಟುಹೋಗಲು ಏನೂ ಇಲ್ಲದ ಕಾರ್ಮಿಕರ ಮನೆಯಲ್ಲೂ ಗಂಡನದೇ ಯಜಮಾನಿಕೆ ಯಾಕೆ ಎಂಬುದಕ್ಕೆ ಈ ವಾದದಲ್ಲಿ ಉತ್ತರ ಸಿಗುವುದಿಲ್ಲ.

ನನ್ನ ಮಟ್ಟಿಗೆ ನಿಜವಾದ ತಿರುಳು ಬೇರೆ ಕಡೆ ಇದೆ. ರಾತ್ರಿ ಪಾಳಿ ಮುಗಿಸಿ ಮನೆಗೆ ಬಂದ ಕಾರ್ಮಿಕನನ್ನು ನೋಡಿ. ಸ್ನಾನಕ್ಕೆ ನೀರು ಕಾದಿರುತ್ತದೆ, ಊಟ ಬಿಸಿಯಾಗಿರುತ್ತದೆ. ಅವನ ನಿದ್ದೆ ಕೆಡದಂತೆ ಹೆಂಡತಿ ಮಕ್ಕಳನ್ನು ಸುಮ್ಮನಿರಿಸುತ್ತಾಳೆ. ಅವನು ಏಳುವ ಹೊತ್ತಿಗೆ ಎಣ್ಣೆ ಮೆತ್ತಿದ ಸಮವಸ್ತ್ರ ಒಗೆದು ಒಣಗಿರುತ್ತದೆ. ಅವನು ಮತ್ತೆ ಯಂತ್ರದ ಮುಂದೆ ನಿಲ್ಲಬಲ್ಲ. ಅವನನ್ನು ಹಾಗೆ ಅಣಿಮಾಡಿದವಳ ಹೆಸರು ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿಲ್ಲ. ನಾಳಿನ ಕಾರ್ಮಿಕರನ್ನು ಹೆತ್ತು ಬೆಳೆಸುತ್ತಿರುವವಳೂ ಅವಳೇ.

ಶ್ರಮಶಕ್ತಿಯ, ಅಂದರೆ ಕಾರ್ಮಿಕ ಸಂಬಳಕ್ಕೆ ಮಾರುವ ದುಡಿಯುವ ಸಾಮರ್ಥ್ಯದ, ಮೌಲ್ಯದಲ್ಲಿ ಕಾರ್ಮಿಕನ ಮತ್ತು ಅವನ ಮಕ್ಕಳ ಜೀವನೋಪಾಯ ಸೇರಿದೆ ಎಂದು ಮಾರ್ಕ್ಸ್ 1867ರಲ್ಲೇ ಬರೆದಿದ್ದ. ಆದರೆ ಸಂಬಳದಿಂದ ತಂದ ದಿನಸಿಯನ್ನು ಊಟವಾಗಿಸುವ ದುಡಿಮೆಯನ್ನು ಅವನು ಲೆಕ್ಕಕ್ಕೆ ಹಿಡಿಯಲಿಲ್ಲ. ಆ ಲೆಕ್ಕವನ್ನು ತೆರೆದವರು ಹೆಂಗಸರು: 1969ರಲ್ಲಿ ಮಾರ್ಗರೆಟ್ ಬೆನ್‌ಸ್ಟನ್, 1972ರಲ್ಲಿ ಮರಿಯಾರೋಸಾ ದಲ್ಲಾ ಕೋಸ್ತಾ ಮತ್ತು ಸೆಲ್ಮಾ ಜೇಮ್ಸ್. ಮನೆಗೆಲಸಕ್ಕೂ ಸಂಬಳ ಕೊಡಿ ಎಂಬ ಚಳವಳಿ ಹುಟ್ಟಿದ್ದು ಈ ಚರ್ಚೆಯಿಂದಲೇ.

ಮಾಲೀಕನಿಗೆ ಬೇಕಾದ ಆಜ್ಞಾಪಾಲನೆಯನ್ನು ಮಕ್ಕಳು ಮೊದಲು ಕಲಿಯುವುದು ಮನೆಯಲ್ಲಿ ಎಂಬ ಇನ್ನೊಂದು ವಾದವೂ ಇದೆ. ಅದರಲ್ಲಿ ಹುರುಳಿದೆ, ಆದರೆ ಹಕ್ಕಿಗಾಗಿ ಎದ್ದುನಿಲ್ಲುವುದನ್ನೂ ಎಷ್ಟೋ ಮಕ್ಕಳು ಮನೆಯಲ್ಲೇ ಕಲಿಯುತ್ತಾರೆ.

ಹಾಗಾದರೆ ಈ ದುಡಿಮೆಯ ಲಾಭ ಮಾಲೀಕನಿಗೋ, ಗಂಡನಿಗೋ? ಸ್ತ್ರೀವಾದಿಗಳು ಎತ್ತಿದ ಈ ಪ್ರಶ್ನೆಯನ್ನು ಮಾರ್ಕ್ಸ್‌ವಾದಿಗಳು ತಳ್ಳಿಹಾಕುವಂತಿಲ್ಲ. ಇಬ್ಬರಿಗೂ ಎಂಬುದೇ ನನ್ನ ನಿಲುವು. ಬಂಡವಾಳಶಾಹಿ ಬರುವುದಕ್ಕೆ ಎಷ್ಟೋ ಮೊದಲೇ ಹೆಣ್ಣು ಒಲೆಯ ಮುಂದಿದ್ದಳು. ಬಂಡವಾಳಶಾಹಿಯನ್ನು ಕಿತ್ತುಹಾಕಿದ ಮೇಲೂ ಅವಳು ಅಲ್ಲೇ ಉಳಿದಳು ಎಂಬುದನ್ನು ಸೋವಿಯತ್ ಅನುಭವ ತೋರಿಸಿತು. 1918ರ ಕಾನೂನು ವಿಚ್ಛೇದನವನ್ನು ಸುಲಭ ಮಾಡಿತು, ಶಿಶುವಿಹಾರ ಮತ್ತು ಸಾರ್ವಜನಿಕ ಭೋಜನಾಲಯಗಳ ಭರವಸೆಯೂ ಸಿಕ್ಕಿತು. 1936ರ ಹೊತ್ತಿಗೆ ಗರ್ಭಪಾತ ನಿಷೇಧವಾಯಿತು, ವಿಚ್ಛೇದನ ಮತ್ತೆ ಕಷ್ಟವಾಯಿತು. ಕಾರ್ಖಾನೆಯಲ್ಲಿ ದುಡಿದು ಬಂದ ಹೆಂಗಸೇ ಮನೆಯ ಅಡುಗೆಯನ್ನೂ ಮಾಡಬೇಕಿತ್ತು.