ಟಾರ್ಕ್‌ಫ್ಲೈಟ್ 727: ಡ್ರ್ಯಾಗ್ ರೇಸಿನಲ್ಲಿ ಮುಂದಿನ ಡ್ರಮ್ ಒಡೆಯುವುದೇಕೆ, ಒಡೆಯದಂತೆ ಓಡಿಸುವುದು ಹೇಗೆ

ಕ್ರೈಸ್ಲರ್ ಕಂಪನಿ 1962ರಿಂದ ತನ್ನ ದೊಡ್ಡ ಎಂಜಿನ್‌ಗಳ ಹಿಂದೆ ಕೂರಿಸಿದ ಮೂರು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಟಾರ್ಕ್‌ಫ್ಲೈಟ್ ಎ-727. ಪ್ಲಿಮತ್ ರೋಡ್ ರನ್ನರ್, ಡಾಡ್ಜ್ ಚಾರ್ಜರ್, ಚಾಲೆಂಜರ್ ಮುಂತಾದ ಮಸಲ್ ಕಾರುಗಳಲ್ಲಿ 383, 440, 426 ಹೆಮಿ ಎಂಜಿನ್‌ಗಳ (ಅಂಕಿಗಳು ಘನ ಇಂಚಿನಲ್ಲಿ ಎಂಜಿನ್ ಗಾತ್ರ) ಹೊಡೆತ ತಿಂದದ್ದು ಇದೇ. ಗಟ್ಟಿ ಪೆಟ್ಟಿಗೆ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಆದರೂ ಇದಕ್ಕೊಂದು ಕೆಟ್ಟ ಗುಣವಿದೆ: ಒಳಗಿನ ಮುಂದಿನ ಡ್ರಮ್ (ಕ್ಲಚ್ ಪ್ಲೇಟ್‌ಗಳನ್ನು ಹೊತ್ತು ಸುತ್ತುವ ಲೋಹದ ಡಬ್ಬಿ) ಬಾಂಬಿನಂತೆ ಸಿಡಿದು, ಅಲ್ಯೂಮಿನಿಯಂ ಕೇಸನ್ನೂ ಕಾರಿನ ನೆಲವನ್ನೂ ಸೀಳಿಕೊಂಡು ಬರಬಲ್ಲದು. ಚಾಲಕನ ಕಾಲು ಇರುವುದು ಅದರ ಪಕ್ಕದಲ್ಲೇ.

ಡ್ರ್ಯಾಗ್ ರೇಸ್ ಎಂದರೆ ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಓಡುವ ಪಂದ್ಯ. ಸ್ಟಾರ್ಟ್ ಲೈನಿನಿಂದ ಹಾರುವಾಗಲೇ, ಅಂದರೆ ಲಾಂಚಿನಲ್ಲೇ, ಇದು ಮುರಿಯುತ್ತದೆ ಎಂದು ಹೊಸಬರು ಅಂದುಕೊಳ್ಳುತ್ತಾರೆ. ಹೆಚ್ಚಿನ ಸಲ ಹಾನಿ ಶುರುವಾಗುವುದು ಅದಕ್ಕೂ ಮೊದಲು, ಒದ್ದೆ ನೆಲದ ಮೇಲೆ ಟೈರನ್ನು ನಿಂತಲ್ಲೇ ಸುತ್ತಿಸಿ ಬಿಸಿ ಮಾಡುವ ಬರ್ನ್‌ಔಟ್‌ನಲ್ಲಿ. ಈ ಟಿಪ್ಪಣಿಯ ಅರ್ಧಭಾಗ ಆ ಒಂದೇ ವಿಷಯಕ್ಕೆ ಮೀಸಲು.

ಒಳಗೆ ಏನು ತಿರುಗುತ್ತದೆ

727ರಲ್ಲಿ ಎರಡು ಪ್ಲಾನೆಟರಿ ಗೇರ್‌ಸೆಟ್‌ಗಳಿವೆ: ನಡುವೆ ಸನ್ ಗೇರ್, ಹೊರಸುತ್ತಿಗೆ ರಿಂಗ್ ಗೇರ್, ಇವುಗಳ ಮಧ್ಯೆ ಸುತ್ತುವ ಪುಟ್ಟ ಗೇರ್‌ಗಳನ್ನು ಹೊತ್ತ ಕ್ಯಾರಿಯರ್. ಎರಡಕ್ಕೂ ಸನ್ ಗೇರ್ ಒಂದೇ. ಆ ಸನ್ ಗೇರಿಗೆ ಜೋಡಿಸಿಕೊಂಡು ತಿರುಗುವುದೇ ಮುಂದಿನ ಡ್ರಮ್. ಮುಂದಕ್ಕೆ ಓಡುವ ಎಲ್ಲ ಗೇರಿನಲ್ಲೂ ಎಂಜಿನ್ ಬಲ ಮುಂದಿನ ಸೆಟ್ಟಿನ ರಿಂಗ್ ಗೇರಿಗೆ ಬರುತ್ತದೆ. ಅದೇ ಸೆಟ್ಟಿನ ಕ್ಯಾರಿಯರ್, ಚಕ್ರಗಳ ಕಡೆಗೆ ಬಲ ಒಯ್ಯುವ ಔಟ್‌ಪುಟ್ ಶಾಫ್ಟಿಗೆ ಕಟ್ಟಿಕೊಂಡಿದೆ.

ಗೇರ್ ಅನುಪಾತಗಳು 2.45, 1.45, 1.00. ಇವುಗಳಿಂದಲೇ ಡ್ರಮ್ಮಿನ ವೇಗದ ಸೂತ್ರ ಬರುತ್ತದೆ. ಕನ್ವರ್ಟರ್ (ಎಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಜಾರುವುದನ್ನು ಬಿಟ್ಟು ಲೆಕ್ಕ ಹಾಕಿದರೆ:

ಡ್ರಮ್ ವೇಗ = (3.22 × ಔಟ್‌ಪುಟ್ ವೇಗ) − (2.22 × ಎಂಜಿನ್ ವೇಗ)

ಎಂಜಿನ್ 6,000 ಆರ್‌ಪಿಎಂನಲ್ಲಿ ಇದ್ದಾಗ ಬೆಲೆ ಹಾಕಿ ನೋಡಿ. ಮೂರನೇ ಗೇರಿನಲ್ಲಿ ಔಟ್‌ಪುಟ್ಟೂ 6,000, ಡ್ರಮ್ಮೂ 6,000. ಎಲ್ಲ ಒಟ್ಟಿಗೆ ಸುತ್ತುತ್ತವೆ. ಎರಡನೇ ಗೇರಿನಲ್ಲಿ ಔಟ್‌ಪುಟ್ 4,138, ಡ್ರಮ್ ಸೊನ್ನೆ. ಡ್ರಮ್ಮಿನ ಸುತ್ತ ಬಿಗಿಯುವ ಪಟ್ಟಿಯಾದ ಕಿಕ್‌ಡೌನ್ ಬ್ಯಾಂಡ್ ಅದನ್ನು ಅಪ್ಪಿ ಹಿಡಿದಿರುತ್ತದೆ. ಮೊದಲನೇ ಗೇರಿನಲ್ಲಿ ಔಟ್‌ಪುಟ್ ಸುಮಾರು 2,450, ಡ್ರಮ್ ಸುಮಾರು −5,430, ಅಂದರೆ ಹಿಮ್ಮುಖವಾಗಿ. ಒಂದರಿಂದ ಎರಡಕ್ಕೆ ಗೇರ್ ಬದಲಾದಾಗಲೆಲ್ಲ ಹಿಂದಕ್ಕೆ ಸುತ್ತುತ್ತಿರುವ ಈ ಡ್ರಮ್ಮನ್ನು ಬ್ಯಾಂಡ್ ಥಟ್ಟನೆ ನಿಲ್ಲಿಸಬೇಕು. ಬ್ಯಾಂಡ್ ಸವೆಯುವುದೇಕೆ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಮೊದಲನೇ ಗೇರನ್ನು ಹಿಡಿದು ನಿಲ್ಲಿಸುವುದು ಹಿಂದಿನ ಸೆಟ್ಟಿನ ಕ್ಯಾರಿಯರಿಗೆ ಆಧಾರವಾದ ರೋಲರ್ ಕ್ಲಚ್. ಸೈಕಲ್ಲಿನ ಫ್ರೀವೀಲ್ ನೆನಪಿಸಿಕೊಳ್ಳಿ: ಒಂದು ಕಡೆಗೆ ಹಿಡಿತ, ಇನ್ನೊಂದು ಕಡೆಗೆ ಬಿಡುಗಡೆ. ಸಣ್ಣ ರೋಲರ್‌ಗಳು, ಅವನ್ನು ಇಳಿಜಾರಿಗೆ ಒತ್ತಿ ಇಡುವ ಇನ್ನೂ ಸಣ್ಣ ಸ್ಪ್ರಿಂಗ್‌ಗಳು, ಇಷ್ಟೇ. ಮೆಕ್ಯಾನಿಕ್‌ಗಳ ಬಾಯಲ್ಲಿ ಇದರ ಹೆಸರು ಸ್ಪ್ರ್ಯಾಗ್. ನಾವೂ ಹಾಗೇ ಕರೆಯೋಣ.

ಸ್ಪ್ರ್ಯಾಗ್ ಕೈಕೊಟ್ಟರೆ

ಕಾರು ನಿಂತಿದೆ, ಟೈರು ರಸ್ತೆಯನ್ನು ಕಚ್ಚಿದೆ, ಮೊದಲನೇ ಗೇರಿನಲ್ಲಿ ಪೂರ್ತಿ ಆಕ್ಸಲರೇಟರ್ ಕೊಟ್ಟ ಕ್ಷಣದಲ್ಲಿ ಸ್ಪ್ರ್ಯಾಗ್ ಹಿಡಿತ ಬಿಟ್ಟಿತು ಎನ್ನಿ. ಔಟ್‌ಪುಟ್ ಸೊನ್ನೆ, ತಡೆಯಿಲ್ಲದ ಎಂಜಿನ್ 6,000ಕ್ಕೆ ಏರಿತು. ಸೂತ್ರದ ಪ್ರಕಾರ ಡ್ರಮ್ −13,320. ಮಾಮೂಲಿನ 2.45 ಪಟ್ಟು ವೇಗ. ಸುತ್ತುವ ವಸ್ತುವಿನ ಒಳಗಿನ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಒತ್ತಡ ಆರು ಪಟ್ಟು. ಮೂಲ ಡ್ರಮ್ ಎರಕದ ಕಬ್ಬಿಣದ್ದು, ಎಳೆತಕ್ಕೆ ಅಷ್ಟೇನೂ ಬಾಳುವ ಲೋಹವಲ್ಲ.

ಹಾಗಾದರೆ ಸ್ಪ್ರ್ಯಾಗ್ ಹಾಳಾಗುವುದು ಯಾವಾಗ? ಮೊದಲನೇ ಗೇರಿನಲ್ಲೇ ಬರ್ನ್‌ಔಟ್ ಮಾಡುತ್ತಿದ್ದೀರಿ, ಎಂಜಿನ್ 6,000, ಡ್ರಮ್ −5,430. ಫಕ್ಕನೆ ಕಾಲು ತೆಗೆದಿರಿ. ಎಂಜಿನ್ 1,500ಕ್ಕೆ ಇಳಿಯಿತು, ಆದರೆ ಭಾರದ ಚಕ್ರಗಳು ನೀರಿನಲ್ಲಿ ಇನ್ನೂ ಸುತ್ತುತ್ತಿವೆ; ಔಟ್‌ಪುಟ್ 2,450ರಲ್ಲೇ ಇದೆ. ಈಗ ಡ್ರಮ್ +4,560. ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದಿನಿಂದ ಮುಂದಕ್ಕೆ ಸುಮಾರು 10,000 ಆರ್‌ಪಿಎಂ ವ್ಯತ್ಯಾಸ. ಸ್ಪ್ರ್ಯಾಗ್ ಬಿಟ್ಟುಕೊಂಡು ಸುತ್ತುತ್ತಿದೆ. ಆಗ ಮತ್ತೆ ಆಕ್ಸಲರೇಟರ್ ತುಳಿದರೆ ರೋಲರ್‌ಗಳು ಬಡಿದುಕೊಂಡು ಹಿಡಿಯಬೇಕು. ಸ್ಪ್ರಿಂಗ್ ಜಿಗಿಯುತ್ತದೆ, ರೋಲರ್ ಓರೆಯಾಗುತ್ತದೆ, ಅದು ಕೂರುವ ಹೊರಬಳೆ ಕೇಸಿನಲ್ಲಿ ಸಡಿಲವಾಗುತ್ತದೆ. ಆ ದಿನ ಏನೂ ಗೊತ್ತಾಗದೆ ಇರಬಹುದು. ಮುಂದಿನ ಓಟದಲ್ಲೋ ಅದರ ಮುಂದಿನದರಲ್ಲೋ ಒಡೆಯುತ್ತದೆ, ಜನ ಲಾಂಚನ್ನು ದೂರುತ್ತಾರೆ.

ಒದ್ದೆಯಿಂದ ಒಣ ಜಾಗಕ್ಕೆ ಸುತ್ತುತ್ತಲೇ ಬಂದ ಟೈರು ತಟಕ್ಕನೆ ಕಚ್ಚಿದಾಗಲೂ, ಹಿಂದಿನ ಆಕ್ಸಲ್ ಕುಪ್ಪಳಿಸಿದಾಗಲೂ, ಪ್ರೊಪೆಲರ್ ಶಾಫ್ಟಿನ ಯೂನಿವರ್ಸಲ್ ಜಾಯಿಂಟ್ ಮುರಿದಾಗಲೂ ಪೆಟ್ಟು ಬೀಳುವುದು ಇದೇ ರೋಲರ್‌ಗಳಿಗೆ.

ಬರ್ನ್‌ಔಟ್ ಮಾಡುವ ಕ್ರಮ

ಎರಡನೇ ಗೇರಿನಲ್ಲಿ ಬ್ಯಾಂಡ್ ಡ್ರಮ್ಮನ್ನು ಹಿಡಿದಿರುತ್ತದೆ, ಮೂರನೆಯದರಲ್ಲಿ ಅದು ಎಂಜಿನ್ ವೇಗ ಮೀರುವುದಿಲ್ಲ. ಅಪಾಯವಿರುವುದು ಮೊದಲನೆಯದರಲ್ಲಿ ಮಾತ್ರ. ಅದರಿಂದ ಬೇಗ ಹೊರಬರುವುದೇ ಉಪಾಯ.

1. ಹಿಂದಿನ ಟೈರು ನೀರಿನ ಅಂಚಿಗೆ ಬರುವಂತೆ ನಿಲ್ಲಿಸಿ, ಲೈನ್‌ಲಾಕ್ ಇದ್ದರೆ ಮುಂದಿನ ಬ್ರೇಕ್ ಹಿಡಿಸಿ.
2. ಮ್ಯಾನ್ಯುಯಲ್ ವಾಲ್ವ್ ಬಾಡಿ (ಲಿವರ್ ಹೇಳಿದ ಗೇರನ್ನೇ ಹಾಕುವ ಆಯಿಲ್ ನಿಯಂತ್ರಣ ಭಾಗ) ಇದ್ದರೆ ನೇರವಾಗಿ ಎರಡನೇ ಗೇರಿನಲ್ಲೇ ಶುರುಮಾಡಿ. ಟೈರು ಸುತ್ತಿಸುವ ಕಸುವು ಸಾಲದಿದ್ದರೆ ಮೊದಲನೆಯದರಲ್ಲಿ ಬಿಡಿಸಿ, ಟೈರು ಸುತ್ತಿದ ತಕ್ಷಣ ಎರಡಕ್ಕೆ ತನ್ನಿ.
3. ಹೊಗೆ ಬರುವ ಹೊತ್ತಿಗೆ ಮೂರನೆಯದಕ್ಕೆ ಹಾಕಿ ಆಕ್ಸಲರೇಟರ್ ಒಂದೇ ಸಮ ಹಿಡಿಯಿರಿ.
4. ಲೈನ್‌ಲಾಕ್ ಬಿಟ್ಟು ಕಾರನ್ನು ಹೊರಗೆ ಉರುಳಲು ಬಿಡಿ. ಟೈರು ಕಚ್ಚಿದ ಮೇಲೆ ಕಾಲನ್ನು ನಿಧಾನವಾಗಿ ಹಿಂದೆ ತೆಗೆಯಿರಿ.
5. ಕಾರು ಪೂರ್ತಿ ನಿಂತ ಮೇಲಷ್ಟೇ ಲಿವರನ್ನು ಒಂದಕ್ಕೆ ತನ್ನಿ.

ಎರಡನೇ ಹಂತದಲ್ಲಿ ಬಹಳ ಜನ ಎಡವುತ್ತಾರೆ. ಕಂಪನಿಯ ಮೂಲ ವಾಲ್ವ್ ಬಾಡಿ ಇದ್ದರೆ ಲಿವರ್ 2ರಲ್ಲಿ ಇದ್ದರೂ ಕಾರು ಹೊರಡುವುದು ಮೊದಲನೇ ಗೇರಿನಲ್ಲೇ; ಆಮೇಲೆ ತಾನೇ ಎರಡಕ್ಕೆ ಏರುತ್ತದೆ. ಆಗ ಆಕ್ಸಲರೇಟರನ್ನು ಹಿತಮಿತವಾಗಿ ಕೊಡಿ. ಟೈರು ಸುತ್ತಿದಂತೆ ಔಟ್‌ಪುಟ್ ವೇಗ ನೋಡಿ ಗೇರ್ ಏರಿಸುವ ಗವರ್ನರಿಗೆ ವೇಗ ಸಿಕ್ಕಿ ಗೇರ್ ಬೇಗ ಏರುತ್ತದೆ. ಪೂರ್ತಿ ತುಳಿದರೆ ಅದು ಮೊದಲನೆಯದರಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ.

ಲಾಂಚ್, ಓಟ, ಕೊನೆಗೆರೆ

ಮೂಲ ವಾಲ್ವ್ ಬಾಡಿಯ ಕಾರನ್ನು ಡಿಯಲ್ಲಿ ಇಟ್ಟು ಲಾಂಚ್ ಮಾಡಬೇಡಿ. ಡಿಯಲ್ಲಿ ಮೊದಲನೇ ಗೇರಿನ ಭಾರವೆಲ್ಲ ಸ್ಪ್ರ್ಯಾಗ್ ಒಂದರ ಮೇಲೆ. ಲಿವರ್ 1ರಲ್ಲಿ ಇದ್ದರೆ ಲೋ-ರಿವರ್ಸ್ ಬ್ಯಾಂಡ್ ಕೂಡ ಸ್ಪ್ರ್ಯಾಗ್ ಹಿಡಿಯುವ ಹಿಂದಿನ ಡ್ರಮ್ಮಿಗೆ ಹೆಗಲು ಕೊಡುತ್ತದೆ. ಮಾರುಕಟ್ಟೆಯ ಮ್ಯಾನ್ಯುಯಲ್ ವಾಲ್ವ್ ಬಾಡಿಗಳಲ್ಲಿ ಕೆಲವು ಈ ಬ್ಯಾಂಡನ್ನು ಹಾಕುತ್ತವೆ, ಕೆಲವು ಹಾಕುವುದಿಲ್ಲ. ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು.

ಓಟದ ಮೊದಲ ಕ್ಷಣಗಳಲ್ಲಿ ಟೈರು ಜಾರಿದರೆ ಕಾಲು ತೆಗೆದು ಮತ್ತೆ ತುಳಿಯುವ ಅಭ್ಯಾಸ ಅನೇಕರಿಗಿದೆ. ಮೇಲಿನ +4,560ರ ಲೆಕ್ಕ ಇಲ್ಲೂ ಅನ್ವಯಿಸುತ್ತದೆ. ಎರಡಕ್ಕೆ ಏರಿಸಿಬಿಡಿ, ಇಲ್ಲವೇ ಆ ಓಟವನ್ನೇ ಬಿಟ್ಟುಕೊಡಿ.

ಲಿವರಿನ ಕ್ರಮವೂ ಒಂದು ಬಲೆಯೇ. ಮೂಲ ಜೋಡಣೆ ಪಿ-ಆರ್-ಎನ್-ಡಿ-2-1. ಎರಡರಿಂದ ಡಿಗೆ ಜೋರಾಗಿ ತಳ್ಳಿದರೆ ಕೈ ನ್ಯೂಟ್ರಲ್‌ಗೆ ಜಾರಬಹುದು, ಎಂಜಿನ್ ಕಿರುಚಿಕೊಳ್ಳುತ್ತದೆ. ರಿವರ್ಸ್ ಪ್ಯಾಟರ್ನ್ ವಾಲ್ವ್ ಬಾಡಿಯಲ್ಲಿ ನ್ಯೂಟ್ರಲ್ ಆದಮೇಲೆ 1-2-3 ಎಂದು ಬರುತ್ತದೆ. ಏರಿಸಲು ಹಿಂದಕ್ಕೆ ಎಳೆಯುವುದರಿಂದ ಮೂರರಾಚೆ ಜಾರಲು ಜಾಗವಿಲ್ಲ.

ಕೊನೆಗೆರೆ ದಾಟಿದ ಮೇಲೆ ಮೂರನೇ ಗೇರಿನಲ್ಲೇ ಬಿಟ್ಟು ಬ್ರೇಕ್ ಹಿಡಿಯಿರಿ. ಗವರ್ನರಿನ ಕಾವಲಿಲ್ಲದ ಮ್ಯಾನ್ಯುಯಲ್ ವಾಲ್ವ್ ಬಾಡಿ ಯಾವ ವೇಗದಲ್ಲೂ ಕೇಳಿದ ಗೇರನ್ನೇ ಕೊಡುತ್ತದೆ. ಔಟ್‌ಪುಟ್ 5,500ರಲ್ಲಿ ಇರುವಾಗ ತಪ್ಪಿ ಒಂದಕ್ಕೆ ಬಿದ್ದು ಎಂಜಿನ್ 1,000ಕ್ಕೆ ಇಳಿದರೆ ಡ್ರಮ್ 15,490. ಲೋ ಬ್ಯಾಂಡ್ ಹಾಕುವ ಮಾದರಿಯಾದರೆ ಅದು ಎಂಜಿನ್ನನ್ನೇ 13,000ದ ಮೇಲಕ್ಕೆ ಎಳೆಯಲು ನೋಡುತ್ತದೆ. ಯಾವುದು ಮೊದಲು ಹೋಗುತ್ತದೆ ಎಂಬುದಷ್ಟೇ ಪ್ರಶ್ನೆ.

ಒತ್ತಡ: ಕ್ಲಚ್ ಸುಡುವ ಕಥೆ

ಡ್ರಮ್ ಒಡೆಯುವುದು ಅಪರೂಪ, ಕ್ಲಚ್ ಪ್ಲೇಟ್ ಸುಡುವುದು ನಿತ್ಯದ ಗೋಳು. ಬಹುಪಾಲು ಕಾರಣ ಕಾರ್ಬ್ಯುರೇಟರ್ ಬದಲಿಸಿದವರು ಬಿಟ್ಟ ಒಂದು ಸರಳು. ಕಾರ್ಬ್ಯುರೇಟರಿನಿಂದ ಗೇರ್‌ಬಾಕ್ಸಿನ ಎಡಪಕ್ಕಕ್ಕೆ ಬರುವ ಥ್ರಾಟಲ್ ಪ್ರೆಶರ್ ಲಿಂಕೇಜನ್ನು ಕಿಕ್‌ಡೌನ್‌ಗೆ (ಜೋರಾಗಿ ತುಳಿದಾಗ ಕೆಳಗಿನ ಗೇರಿಗೆ ಇಳಿಯುವುದಕ್ಕೆ) ಮಾತ್ರ ಎಂದು ತಿಳಿದು ಕೆಲವರು ಕಳಚಿಡುತ್ತಾರೆ. ಎಂಜಿನ್ ಎಷ್ಟು ದುಡಿಯುತ್ತಿದೆ ಎಂದು ಗೇರ್‌ಬಾಕ್ಸಿಗೆ ತಿಳಿಸುವುದೇ ಅದು. ಈ ಲಿಂಕೇಜ್ ಎಳೆಯುವ ಗೇರ್‌ಬಾಕ್ಸಿನ ಪುಟ್ಟ ಲಿವರ್ ಸುಮ್ಮನಿದ್ದಾಗ ಲೈನ್ ಒತ್ತಡ (ಕ್ಲಚ್, ಬ್ಯಾಂಡ್ ಒತ್ತುವ ಆಯಿಲ್ಲಿನ ಒತ್ತಡ) ಸುಮಾರು 55ರಿಂದ 60 ಪಿಎಸ್‌ಐ, ಪೂರ್ತಿ ಎಳೆದಾಗ 90 ಪಿಎಸ್‌ಐ ದಾಟಬೇಕು. ಲಿಂಕೇಜ್ ಇಲ್ಲದೆ ಪೂರ್ತಿ ಆಕ್ಸಲರೇಟರ್ ಕೊಟ್ಟರೆ ಕಡಿಮೆ ಒತ್ತಡದಲ್ಲೇ ಕ್ಲಚ್ ಹಿಡಿಯಲು ಹೆಣಗುತ್ತದೆ, ಜಾರುತ್ತದೆ, ಒಂದೆರಡು ಓಟಕ್ಕೇ ಕರಕಲು. ಕಾರ್ಬ್ಯುರೇಟರ್ ಪೂರ್ತಿ ತೆರೆದಾಗ ಗೇರ್‌ಬಾಕ್ಸಿನ ಲಿವರ್ ಕೂಡ ತನ್ನ ಕೊನೆ ಮುಟ್ಟಿದೆಯೇ ಎಂದು ಕಾರಿನಡಿ ಮಲಗಿ ಕಣ್ಣಾರೆ ನೋಡಿ.

ಬ್ಯಾಂಡ್ ಹೊಂದಾಣಿಕೆ: ಕಿಕ್‌ಡೌನ್ ಬ್ಯಾಂಡಿನ ತಿರುಪು ಕೇಸಿನ ಎಡಕ್ಕೆ ಹೊರಗೇ ಇದೆ. ಲಾಕ್‌ನಟ್ ಸಡಿಲಿಸಿ, ತಿರುಪನ್ನು 72 ಇಂಚು-ಪೌಂಡಿಗೆ (ಸುಮಾರು 8 ನ್ಯೂಟನ್-ಮೀಟರ್) ಬಿಗಿಮಾಡಿ, ಸಾಮಾನ್ಯವಾಗಿ 2 ಸುತ್ತು ಹಿಂದೆ ಬಿಡಬೇಕು. ಮಾದರಿ, ವರ್ಷಕ್ಕೆ ತಕ್ಕಂತೆ ಸುತ್ತು ಬದಲಾಗುತ್ತದೆ; ಹೆಮಿಗೆ ಒಂದೂವರೆ. ತಿರುಪು ಅಲ್ಲಾಡದಂತೆ ಹಿಡಿದೇ ಲಾಕ್‌ನಟ್ ಬಿಗಿಯಿರಿ. ಲೋ-ರಿವರ್ಸ್ ಬ್ಯಾಂಡಿನದು ಕೆಳಗಿನ ಆಯಿಲ್ ಪ್ಯಾನ್ ಬಿಚ್ಚಿದರೆ ಮಾತ್ರ ಸಿಗುತ್ತದೆ, ಬಿಗಿತ ಅದೇ 72, ಹಿಂದಕ್ಕೆ 2 ಸುತ್ತು. ಕಿಕ್‌ಡೌನ್ ಬ್ಯಾಂಡ್ ತೀರ ಸಡಿಲವಾದರೆ ಎರಡನೇ ಗೇರ್ ಜಾರುತ್ತದೆ. ತೀರ ಬಿಗಿಯಾದರೆ ಎರಡರಿಂದ ಮೂರಕ್ಕೆ ಹೋಗುವಾಗ ಬ್ಯಾಂಡ್ ಬಿಡುವ ಮೊದಲೇ ಮುಂದಿನ ಕ್ಲಚ್ ಹಿಡಿದು, ಎರಡೂ ಒಂದನ್ನೊಂದು ಉಜ್ಜಿ ತಿನ್ನುತ್ತವೆ.

ಬಿಸಿ, ಆಯಿಲ್

ಬ್ರೇಕ್ ಒತ್ತಿ ಆಕ್ಸಲರೇಟರ್ ತುಳಿದಾಗ ಎಂಜಿನ್ ಬಲವೆಲ್ಲ ಕನ್ವರ್ಟರಿನ ಆಯಿಲ್ ಕಾಯಿಸಲು ಹೋಗುತ್ತದೆ. 2,400 ಆರ್‌ಪಿಎಂನಲ್ಲಿ 500 ನ್ಯೂಟನ್-ಮೀಟರ್ ಎಂದರೆ ಸುಮಾರು 125 ಕಿಲೋವ್ಯಾಟ್. 5 ಸೆಕೆಂಡಿಗೆ 625 ಕಿಲೋಜೂಲ್. ಕನ್ವರ್ಟರಿನಲ್ಲಿ 5 ಕೆಜಿ ಆಯಿಲ್ ಇದ್ದು, ಬಿಸಿಯೆಲ್ಲ ಅದರಲ್ಲೇ ಉಳಿಯಿತು ಎಂದುಕೊಂಡರೆ 60 ಡಿಗ್ರಿ ಸೆಲ್ಸಿಯಸ್ಸಿನಷ್ಟು ಏರಿಕೆ. ಹೀಗೆ ಬ್ರೇಕ್ ಹಿಡಿದು ಮಾಡುವ ಸ್ಟಾಲ್ ಪರೀಕ್ಷೆಯನ್ನು 5 ಸೆಕೆಂಡ್ ಮೀರಬಾರದು ಎನ್ನುವುದು ಇದಕ್ಕೇ.

ಪ್ಯಾನಿನಲ್ಲಿ ಆಯಿಲ್ 80ರಿಂದ 95 ಡಿಗ್ರಿ ಇದ್ದರೆ ನಿಶ್ಚಿಂತೆ. ಅದರ ಮೇಲೆ ಪ್ರತಿ 11 ಡಿಗ್ರಿಗೆ ಆಯಿಲ್ಲಿನ ಆಯಸ್ಸು ಅರ್ಧವಾಗುತ್ತದೆ ಎಂಬುದು ಗ್ಯಾರೇಜಿನ ಸ್ಥೂಲ ಲೆಕ್ಕ. ರೇಡಿಯೇಟರಿನೊಳಗಿನ ಕೂಲರಿನ ನಂತರ ಇನ್ನೊಂದು ಹೊರಗಿನ ಕೂಲರ್ ಸೇರಿಸಿ. ಪೆಟ್ರೋಲ್ ಪೈಪನ್ನು ಆಯಿಲ್ ಲೈನಿಗೆ ಬಳಸಬೇಡಿ.

727ರ ಒಂದು ವಿಚಿತ್ರ: ಮೂಲ ವಾಲ್ವ್ ಬಾಡಿಯಲ್ಲಿ ಪಾರ್ಕ್‌ಗೆ ಹಾಕಿದರೆ ಕನ್ವರ್ಟರಿಗೂ ಕೂಲರಿಗೂ ಆಯಿಲ್ ಹರಿಯುವುದಿಲ್ಲ. ಹಾಗಾಗಿ ಓಟಕ್ಕೆ ಮುನ್ನ ಬಿಸಿ ಮಾಡುವುದು, ಓಟ ಮುಗಿಸಿ ತಣಿಸುವುದು, ಆಯಿಲ್ ಮಟ್ಟ ನೋಡುವುದು, ಮೂರನ್ನೂ ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಓಡುತ್ತಿರುವಾಗ, ನ್ಯೂಟ್ರಲ್‌ನಲ್ಲೇ ಮಾಡಬೇಕು. ಅರ್ಧ ಲೀಟರ್ ಕಡಿಮೆ ಇದ್ದರೂ ಲಾಂಚಿನಲ್ಲಿ ಆಯಿಲ್ ಹಿಂದಕ್ಕೆ ಸರಿದಾಗ ಪಂಪ್ ಗಾಳಿ ಹೀರಬಹುದು. ಹೆಚ್ಚಾದರೂ ಕೇಡೇ: ಗೇರ್‌ಗಳು ಕಡೆದು ನೊರೆ ಎಬ್ಬಿಸುತ್ತವೆ.

ಬಿಡಿಭಾಗ, ಜೋಡಣೆ

ದುಡ್ಡು ಒಂದಕ್ಕೇ ಸಾಕಾಗುವುದಾದರೆ ಬೋಲ್ಟ್ ಹಾಕುವ ಸ್ಪ್ರ್ಯಾಗ್ ಮೊದಲು. ಹೊರಬಳೆ ಕೇಸಿನಲ್ಲಿ ತಿರುಗದಂತೆ ಅದು ತಡೆಯುತ್ತದೆ. ಆಮೇಲೆ ಬಿಲೆಟ್ ಸ್ಟೀಲಿನ (ಗಟ್ಟಿ ಉಕ್ಕಿನ ತುಂಡಿನಿಂದ ಕಡೆದ) ಮುಂದಿನ ಡ್ರಮ್. ರೇಸಿಂಗ್ ಸುರಕ್ಷತಾ ಮಾನದಂಡವಾದ ಎಸ್‌ಎಫ್‌ಐ 4.1 ಗುರುತಿನ ಶೀಲ್ಡ್ ಅಥವಾ ಹೊದಿಕೆ ಗೇರ್‌ಬಾಕ್ಸನ್ನು ಉಳಿಸುವುದಿಲ್ಲ, ನಿಮ್ಮ ಕಾಲನ್ನು ಉಳಿಸುತ್ತದೆ. ವೇಗದ ಕಾರುಗಳಿಗೆ ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ನಿಯಮವೇ ಅದನ್ನು ಕೇಳುತ್ತದೆ. ಪ್ರೊಪೆಲರ್ ಶಾಫ್ಟಿನ ಸುತ್ತ ಹಾಕುವ ಉಕ್ಕಿನ ಲೂಪ್ ಮುಂದಿನ ಯೂನಿವರ್ಸಲ್ ಜಾಯಿಂಟಿನಿಂದ 6 ಇಂಚಿನೊಳಗೆ ಇರಲಿ.

ಗೇರ್‌ಬಾಕ್ಸ್ ಏರಿಸುವಾಗ ಕನ್ವರ್ಟರ್ ಪಂಪಿನೊಳಗೆ ಪೂರ್ತಿ ಕೂತಿರಬೇಕು. ಗೇರ್‌ಬಾಕ್ಸಿನ ಮುಂಭಾಗದ ಬೆಲ್‌ಹೌಸಿಂಗ್ ಎಂಜಿನ್ನಿಗೆ ತಾಗಿದ ಮೇಲೂ ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಿ, ಎಂಜಿನ್ನಿನ ಹಿಂದೆ ಸುತ್ತುವ ಫ್ಲೆಕ್ಸ್‌ಪ್ಲೇಟಿಗೆ 3ರಿಂದ 5 ಮಿಮೀ ಸಂದಿ ಉಳಿದರೆ ಸರಿ. ಸಂದಿಯೇ ಇಲ್ಲದೆ ಬೋಲ್ಟ್ ಬಿಗಿಮಾಡಿ ಎಳೆದರೆ ಮೊದಲ ಸ್ಟಾರ್ಟಿಗೇ ಪಂಪ್ ಗೇರ್ ಮುರಿಯುತ್ತದೆ.

ಪ್ಯಾನ್ ಬಿಚ್ಚಿದಾಗ ತಳದಲ್ಲಿ ತೆಳುವಾದ ಬೂದು ಲೇಪ ಮಾಮೂಲು. ಕಪ್ಪು ಚೂರು, ಸುಟ್ಟ ವಾಸನೆ ಇದ್ದರೆ ಕ್ಲಚ್ ಅಥವಾ ಬ್ಯಾಂಡ್. ಮೊದಲು ಲಿಂಕೇಜ್ ನೋಡಿ. ಹಿತ್ತಾಳೆ ಬಣ್ಣದ ಪುಡಿ ಬುಷ್ ಸವೆದದ್ದರ ಗುರುತು. ಒಂದೇ ಒಂದು ಪುಟ್ಟ ಸ್ಪ್ರಿಂಗ್ ಅಥವಾ ರೋಲರ್ ಸಿಕ್ಕಿದರೂ ಪ್ಯಾನ್ ಮತ್ತೆ ಮುಚ್ಚಬೇಡಿ, ಗೇರ್‌ಬಾಕ್ಸನ್ನೇ ಇಳಿಸಿ.