ಫೋಮ್ ಹೋಗಿದೆ, ಸ್ಪೀಕರ್ ಹೋಗಿಲ್ಲ

ಗುಜರಿ ಅಂಗಡಿಯವರು ಮುಂದಿನ ಬಟ್ಟೆಯ ಮುಚ್ಚಳ ಕಿತ್ತು ತೋರಿಸಿದರು. ಹತ್ತು ಇಂಚಿನ ವೂಫರ್, ಅಂದರೆ ತಗ್ಗಿನ ಸದ್ದು ಕೊಡುವ ದೊಡ್ಡ ಸ್ಪೀಕರ್. ಕಾಗದದ ಕೋನ್ ಚೆನ್ನಾಗಿಯೇ ಇತ್ತು, ಬಣ್ಣ ಸ್ವಲ್ಪ ಮಾಸಿತ್ತು ಅಷ್ಟೇ. ಆದರೆ ಅದರ ಸುತ್ತ ಬಳೆಯ ಹಾಗೆ ಇರುವ ಫೋಮಿನ ಮೇಲೆ ಬೆರಳಿಟ್ಟೆ. ಒಂದು ಕಡೆ ಕರಗಿದ ಬೆಲ್ಲದ ಹಾಗೆ ಅಂಟಿತು, ಇನ್ನೊಂದು ಕಡೆ ಕಾಫಿ ಪುಡಿಯ ಹಾಗೆ ಉದುರಿತು. "ಫೋಮ್ ಹೋಗಿದೆ ಮಾರಾಯ್ರೆ, ಇನ್ನು ಸ್ಪೀಕರ್ ಹೋದ ಹಾಗೆಯೇ. ಬಾಕ್ಸ್ ಬೇಕಾದ್ರೆ ತಕೊಂಡು ಹೋಗಿ" ಅಂದರು. ಜೋಡಿಗೆ 1,500 ರೂಪಾಯಿ ಕೊಟ್ಟು ಆಟೋದಲ್ಲಿ ಹಾಕಿಕೊಂಡು ಬಂದೆ.

ಮಂಗಳೂರು, ಉಡುಪಿ, ಭಟ್ಕಳದ ಕಡೆಯವರಿಗೆ ಈ ಡಬ್ಬಿಗಳ ಪರಿಚಯ ಇದ್ದೇ ಇರುತ್ತದೆ. 1980ರ ದಶಕದಲ್ಲಿ ಗಲ್ಫಿನಿಂದ ಊರಿಗೆ ಬರುವವರು ಅತ್ತರು, ಟಾರ್ಚು, ಬಟ್ಟೆ ಎಲ್ಲದರ ಜೊತೆ ಜಪಾನಿನ ಸ್ಟೀರಿಯೊ ಸೆಟ್ಟನ್ನೂ ತರುತ್ತಿದ್ದರು. ಹಾಲಿನ ಶೋಕೇಸಿನ ಪಕ್ಕದಲ್ಲಿ ನಲವತ್ತು ವರ್ಷ ಕೂತಿದ್ದ ಆ ಸ್ಪೀಕರುಗಳು ಈಗ ಹಳೆ ಮನೆ ಕೆಡವುವಾಗ ಗುಜರಿಗೆ ಬರುತ್ತಿವೆ. ಅಲ್ಲಿ ಮ್ಯಾಗ್ನೆಟ್ ಬೇರೆ, ತಾಮ್ರ ಬೇರೆ, ಮರದ ಡಬ್ಬಿ ಒಲೆಗೆ. ನೋಡಿದಾಗ ಹೊಟ್ಟೆಯೊಳಗೆ ಸಂಕಟ ಆಗುತ್ತದೆ. ಯಾಕೆಂದರೆ ಅದರಲ್ಲಿ ಸತ್ತಿರುವುದು ಇಡೀ ಸ್ಪೀಕರಿನಲ್ಲೇ ಅತಿ ಅಗ್ಗದ ಭಾಗ. ಮ್ಯಾಗ್ನೆಟ್, ಕಾಯಿಲ್, ಕೋನ್, ಡಬ್ಬಿ ಎಲ್ಲವೂ ಬದುಕೇ ಇರುತ್ತವೆ.

ಒಳಗೆ ಏನಾಗುತ್ತದೆ ನೋಡೋಣ. ಮ್ಯಾಗ್ನೆಟ್ಟಿನ ನಡುವೆ ಒಂದು ಸಣ್ಣ ದುಂಡು ಸಂದು. ಆ ಸಂದಿನಲ್ಲಿ ತಾಮ್ರದ ತಂತಿ ಸುತ್ತಿದ ವಾಯ್ಸ್ ಕಾಯಿಲ್ ತೂಗಿಕೊಂಡಿರುತ್ತದೆ, ಯಾವ ಗೋಡೆಯನ್ನೂ ಮುಟ್ಟದೆ. ಹಾಡಿನ ಕರೆಂಟು ಹರಿದಾಗ ಕಾಯಿಲ್ ಹಿಂದೆ ಮುಂದೆ ಓಡುತ್ತದೆ, ಅದಕ್ಕೆ ಅಂಟಿದ ಕೋನ್ ಗಾಳಿಯನ್ನು ತಳ್ಳುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ 1925ರಲ್ಲಿ ಈ ಬಗೆಯ ಸ್ಪೀಕರಿನ ವಿವರ ಪ್ರಕಟಿಸಿದರು. ನೂರು ವರ್ಷ ಆಯಿತು, ಇವತ್ತಿನ ಸ್ಪೀಕರಿನ ಒಳಗೂ ಹೆಚ್ಚುಕಡಿಮೆ ಅದೇ ಇದೆ. ಕಾಯಿಲನ್ನು ನಟ್ಟನಡುವೆ ಹಿಡಿದಿಡುವುದು ಎರಡೇ ಎರಡು: ಹಿಂದುಗಡೆ ನಿರಿಗೆ ಬಟ್ಟೆಯ ಸ್ಪೈಡರ್, ಮುಂದುಗಡೆ ಈ ಫೋಮ್ ಬಳೆ.

ಆದರೆ ಇಷ್ಟು ಮೆತ್ತಗಿನ ಫೋಮನ್ನು ಅಲ್ಲಿ ಹಾಕಿದ್ದಾದರೂ ಯಾಕೆ? ಇದರ ಹಿಂದೆ ನನಗೆ ಬಹಳ ಇಷ್ಟವಾದ ಒಂದು ಕಥೆ ಇದೆ.

1950ರ ಸುಮಾರಿಗೆ ಒಳ್ಳೆಯ ಬೇಸ್ (ತಗ್ಗಿನ ಸದ್ದು) ಬೇಕು ಅಂದರೆ ಬಟ್ಟೆ ಬೀರುವಿನಷ್ಟು ದೊಡ್ಡ ಡಬ್ಬಿ ಬೇಕಿತ್ತು. ಸಣ್ಣ ಡಬ್ಬಿಯಲ್ಲಿ ಸಿಕ್ಕಿಕೊಂಡ ಗಾಳಿ ಸ್ಪ್ರಿಂಗಿನ ಹಾಗೆ ಕೋನನ್ನು ಬಿಗಿಹಿಡಿಯುತ್ತದೆ, ಬೇಸ್ ಸಾಯುತ್ತದೆ. ಎಲ್ಲರಿಗೂ ಅದು ತೊಂದರೆಯಾಗಿ ಕಂಡಿತು. ಎಡ್ಗರ್ ವಿಲ್ಚರ್ ಅನ್ನುವವರಿಗೆ ಮಾತ್ರ ಅದೇ ದಾರಿಯಾಗಿ ಕಂಡಿತು. ಗಾಳಿ ಹೇಗೂ ಸ್ಪ್ರಿಂಗ್ ಆಗುತ್ತದೆ ಅಂದಮೇಲೆ ಕೋನಿನ ಸ್ವಂತ ಸ್ಪ್ರಿಂಗನ್ನು ಆದಷ್ಟು ಸಡಿಲ ಬಿಟ್ಟರೆ ಆಯಿತು, ಉಳಿದ ಕೆಲಸ ಗಾಳಿಯೇ ಮಾಡಲಿ! ಬಟ್ಟೆ, ಕಾಗದದ ಸ್ಪ್ರಿಂಗು ಸ್ವಲ್ಪ ದೂರ ಎಳೆದ ಮೇಲೆ ಜಗ್ಗುತ್ತದೆ, ಸದ್ದು ಒಡೆಯುತ್ತದೆ. ಗಾಳಿ ಹಾಗಲ್ಲ, ತಳ್ಳಿದಷ್ಟೇ ತಿರುಗಿ ತಳ್ಳುತ್ತದೆ. 1954ರಲ್ಲಿ ತಮ್ಮ ವಿದ್ಯಾರ್ಥಿ ಹೆನ್ರಿ ಕ್ಲಾಸ್ ಜೊತೆ ಸೇರಿ ಮ್ಯಾಸಚೂಸೆಟ್ಸಿನ ಕೇಂಬ್ರಿಜ್‌ನಲ್ಲಿ ಅಕೌಸ್ಟಿಕ್ ರಿಸರ್ಚ್ ಅನ್ನುವ ಕಂಪನಿ ಕಟ್ಟಿದರು. ಪುಸ್ತಕದ ಕಪಾಟಿನಲ್ಲಿ ಇಡಬಹುದಾದ ಡಬ್ಬಿಯಿಂದ ಬೇಸ್ ಬಂತು. ಮುಂದೆ ಆ ಕಂಪನಿ ಜನರ ಎದುರೇ ಪರೀಕ್ಷೆ ಮಾಡಿತು. ಫೈನ್ ಆರ್ಟ್ಸ್ ಕ್ವಾರ್ಟೆಟ್ ಅನ್ನುವ ಪಿಟೀಲು ತಂಡ ವೇದಿಕೆಯಲ್ಲಿ ನುಡಿಸುತ್ತಾ ನುಡಿಸುತ್ತಾ ಕಮಾನನ್ನು ತಂತಿಗೆ ತಾಗಿಸದೆ ಸುಮ್ನೆ ಆಡಿಸುವುದು, ಸದ್ದು ಸ್ಪೀಕರಿನಿಂದ ಮುಂದುವರಿಯುವುದು. ಯಾವಾಗ ಬದಲಾಯಿತು ಅಂತ ಕೇಳುತ್ತಿದ್ದ ಎಷ್ಟೋ ಜನಕ್ಕೆ ಗೊತ್ತಾಗುತ್ತಿರಲಿಲ್ಲ.

ಸಡಿಲವಾದ ಕೋನಿಗೆ ಮೆತ್ತಗಿನ ಅಂಚು ಬೇಕು. ಮೊದಮೊದಲು ಅಂಟು ಬಳಿದ ಬಟ್ಟೆ ಹಾಕುತ್ತಿದ್ದರು. 1970ರ ಆಸುಪಾಸಿನಲ್ಲಿ ಪಾಲಿಯುರೆಥೇನ್ ಫೋಮ್ ಬಂತು. ಹಗುರ, ಅಗ್ಗ, ಬೇಕಾದ ಆಕಾರಕ್ಕೆ ಒತ್ತಬಹುದು. ಕೆಲವೇ ವರ್ಷದಲ್ಲಿ ಎಲ್ಲೆಲ್ಲೂ ಅದೇ ಆಯಿತು. ಈಗ ನೋಡಿದರೆ 1960ರ ದಶಕದ ಬಟ್ಟೆ ಅಂಚಿನ ಸ್ಪೀಕರುಗಳು ಇನ್ನೂ ಹಾಡುತ್ತಿವೆ, ಅವಕ್ಕಿಂತ ಚಿಕ್ಕ ವಯಸ್ಸಿನ ಫೋಮ್ ಅಂಚಿನವು ಉದುರಿ ಹೋಗಿವೆ.

ಇದು ಬಳಸಿ ಸವೆದದ್ದಲ್ಲ. ಮದುವೆಗೆ ಅಂತ ಬೀರುವಿನಲ್ಲಿ ಎತ್ತಿಟ್ಟ ಶೂ ನಾಲ್ಕು ವರ್ಷ ಬಿಟ್ಟು ಹಾಕಿಕೊಂಡರೆ ಸೋಲ್ ಪುಡಿಪುಡಿಯಾಗಿ ಬೀಳುತ್ತದಲ್ವಾ, ಅದೂ ಇದೂ ಒಂದೇ. ಪಾಲಿಯುರೆಥೇನಿನ ಒಂದು ಬಗೆಯಲ್ಲಿ ಅಣುಗಳ ಉದ್ದ ಸರಪಳಿಯನ್ನು ಎಸ್ಟರ್ ಅನ್ನುವ ಕೊಂಡಿಗಳು ಹಿಡಿದಿರುತ್ತವೆ. ಗಾಳಿಯ ತೇವ ಒಳಗೆ ಹೋಗಿ ಆ ಕೊಂಡಿಗಳನ್ನು ಒಂದೊಂದಾಗಿ ಬಿಡಿಸುತ್ತದೆ. ಬಿಟ್ಟ ಪ್ರತಿ ಕೊಂಡಿಯ ತುದಿಯಲ್ಲಿ ಆಮ್ಲದ ಗುಣ ಹುಟ್ಟುತ್ತದೆ, ಆ ಆಮ್ಲ ಮುಂದಿನ ಕೊಂಡಿ ಬೇಗ ಬಿಡಲು ಸಹಾಯ ಮಾಡುತ್ತದೆ. ಹೆಪ್ಪು ಹಾಕಿದ ಹಾಲಿನ ಹಾಗೆ, ಶುರುವಾದರೆ ನಿಲ್ಲುವುದಿಲ್ಲ. ಈಥರ್ ಕೊಂಡಿಯ ಬಗೆ ನೀರಿಗೆ ಬಗ್ಗುವುದಿಲ್ಲ, ಅದಕ್ಕೆ ಬೆಳಕು ಮತ್ತು ಆಮ್ಲಜನಕ ಶತ್ರು. ಜೂನಿನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುವ ನಮ್ಮ ಕರಾವಳಿಯಲ್ಲಿ ಫೋಮ್ ಉಳಿಯುವುದು ಹೇಗೆ, ನೀವೇ ಹೇಳಿ.

ಹಾಗಾಗಿ ಹಳೆ ಸ್ಪೀಕರ್ ಕೊಳ್ಳುವಾಗ ಫೋಮ್ ಹೋಗಿದ್ದರೆ ಹೆದರಬೇಡಿ, ಬೆಲೆ ಇಳಿಸಲು ಅದೇ ಒಳ್ಳೆಯ ಕಾರಣ. ನೋಡಬೇಕಾದ್ದು ಬೇರೆ. ಎರಡೂ ಕೈಯ ಬೆರಳುಗಳನ್ನು ಕೋನಿನ ಎದುರುಬದುರು ಇಟ್ಟು ನಿಧಾನಕ್ಕೆ ಒತ್ತಿ, ಬಿಡಿ. ಸದ್ದಿಲ್ಲದೆ ಹೋಗಿ ಬಂದರೆ ಕಾಯಿಲ್ ಸರಿ ಇದೆ. ಕರಕರ ಅಂದರೆ ಎಲ್ಲೋ ಉಜ್ಜುತ್ತಿದೆ. ಫೋಮ್ ಪೂರ್ತಿ ಹೋಗಿದ್ದರೆ ಕೋನ್ ಓರೆಯಾಗಿ ಕೂತೂ ಉಜ್ಜಬಹುದು, ಆಗ ಕೋನನ್ನು ಬೆರಳಲ್ಲೇ ನಡುವಿಗೆ ತಂದು ಇನ್ನೊಮ್ಮೆ ಒತ್ತಿ ನೋಡಿ. ರೋಧ ಅಳೆಯುವ ಮಲ್ಟಿಮೀಟರ್ ಇದ್ದರೆ 8 ಓಮಿನ ಸ್ಪೀಕರಿಗೆ 6ರ ಆಚೀಚೆ ತೋರಿಸಬೇಕು, ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ. ಮೀಟರ್ ಇಲ್ಲವಾದರೆ ಗಡಿಯಾರದ 1.5 ವೋಲ್ಟ್ ಸೆಲ್ಲೇ ಸಾಕು, ವೂಫರಿನ ಎರಡು ತುದಿಗೆ ಒಂದು ಕ್ಷಣ ತಾಗಿಸಿದರೆ ಟಕ್ ಅಂತ ಕೋನ್ ಜಿಗಿಯುತ್ತದೆ. ಕೀರಲು ಸದ್ದು ಕೊಡುವ ಸಣ್ಣ ಸ್ಪೀಕರ್ ಇರುತ್ತದಲ್ಲ, ಆ ಟ್ವೀಟರಿಗೆ ಮಾತ್ರ ಸೆಲ್ ಹಿಡಿಯಬೇಡಿ, ಅದರ ತಂತಿ ಬಹಳ ಸೂಕ್ಷ್ಮ. ಇನ್ನೊಂದು ಮಾತು, ಫೋಮ್ ಹರಿದ ಸ್ಪೀಕರನ್ನು "ಜೋರಾಗಿ ಹಾಕಿ ತೋರಿಸ್ತೇನೆ" ಅಂತ ಅಂಗಡಿಯವರು ಹೊರಟರೆ ದಯವಿಟ್ಟು ತಡೆಯಿರಿ. ಹಿಡಿತ ತಪ್ಪಿದ ಕಾಯಿಲ್ ಆಗಲೇ ಹಾಳಾಗುವುದು. ಕಾಯಿಲ್ ಹೋದರೂ ಮೈಕ್ ಸೆಟ್ ರಿಪೇರಿಯವರು ಹೊಸದು ಸುತ್ತಿ ಕೋನ್ ಹಾಕಿಕೊಡುತ್ತಾರೆ, ಆದರೆ ಕೋನಿನ ಕಾಗದ ಬದಲಾದ ಮೇಲೆ ಅದು ಆ ಸ್ಪೀಕರಿನ ದನಿ ಅಲ್ಲ.

ಹೊಸ ಫೋಮ್ ತರಿಸುವಾಗ "ಹತ್ತು ಇಂಚು" ಅಂದರೆ ಸಾಲದು. ಕೋನಿನ ಅಗಲ, ಚೌಕಟ್ಟಿನ ಒಳ ಅಗಲ, ಹೊರ ಅಗಲ ಮೂರನ್ನೂ ಸ್ಕೇಲ್ ಇಟ್ಟು ಅಳೆಯಬೇಕು. ರಬ್ಬರಿನದು ಹಾಕಿದರೆ ಬಹಳ ವರ್ಷ ಬಾಳುತ್ತದಲ್ಲ ಅಂತ ಕೇಳುತ್ತಾರೆ. ಬಾಳುತ್ತದೆ, ನಿಜ. ಆದರೆ ರಬ್ಬರ್ ಭಾರ ಜಾಸ್ತಿ, ಬಿಗಿಯೂ ಬೇರೆ, ಕೋನ್ ತಾನಾಗಿ ಕಂಪಿಸುವ ವೇಗವೇ ಬದಲಾಗುತ್ತದೆ. ಮೊದಲು ಫೋಮ್ ಇದ್ದಲ್ಲಿಗೆ ಫೋಮೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ಹಳೆಯದನ್ನು ತೆಗೆಯುವುದಕ್ಕೇ ನನಗೆ ಎರಡು ಸಂಜೆ ಹಿಡಿಯಿತು. ಚೌಕಟ್ಟಿನ ಮೇಲಿನ ಅಂಟನ್ನು ಬ್ಲೇಡಿನಿಂದ ಹೆರೆದು, ಕೋನಿನ ಅಂಚನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲ ಮೆಲ್ಲ ಒರೆಸಬೇಕು. ಬಲ ಹಾಕಿದರೆ ಕಾಗದ ಪದರ ಬಿಡುತ್ತದೆ. ಆಮೇಲೆ ಕೋನಿಗೆ ಬಿಳಿ ಫೆವಿಕಾಲ್ ತೆಳ್ಳಗೆ ಸವರಿ ಹೊಸ ಫೋಮ್ ಕೂರಿಸಿ ಒಂದು ದಿನ ಬಿಟ್ಟೆ.

ನಿಜವಾದ ಕೆಲಸ ಮರುದಿನದ್ದು. ಫೋಮಿನ ಹೊರ ಅಂಚನ್ನು ಚೌಕಟ್ಟಿಗೆ ಅಂಟಿಸುವಾಗ ಕಾಯಿಲ್ ಸಂದಿನ ನಟ್ಟನಡುವೆ ಇರಬೇಕು, ಸುತ್ತಲೂ ಇರುವ ಜಾಗ ಅರ್ಧ ಮಿಲಿಮೀಟರಿಗೂ ಕಡಿಮೆ. ಕಣ್ಣಿಗೆ ಕಾಣುವುದಿಲ್ಲ, ಕಿವಿಯಿಂದಲೇ ನೋಡಬೇಕು. ಫೋನಿನಿಂದ 30 ಹರ್ಟ್ಸಿನ ಸದ್ದನ್ನು ಆಂಪ್ಲಿಫೈಯರಿಗೆ ಕೊಟ್ಟು ವಾಲ್ಯೂಮ್ ತೀರಾ ಕಡಿಮೆ ಇಟ್ಟೆ. ಕೋನ್ ಮಲಗಿದ ಮಗುವಿನ ಹೊಟ್ಟೆಯ ಹಾಗೆ ಏರಿ ಇಳಿಯತೊಡಗಿತು, ಮಗುವಿಗಿಂತ ಎಷ್ಟೋ ಪಟ್ಟು ಬೇಗ. ಎಡಗಡೆಯದು ಸದ್ದೇ ಮಾಡಲಿಲ್ಲ. ಬಲಗಡೆಯದು ಮಾತ್ರ ಒಂದೇ ಸಮನೆ ಕರಕರ ಅನ್ನುತ್ತಿತ್ತು. ಅಂಟು ಇನ್ನೂ ಹಸಿ. ಫೋಮಿನ ಅಂಚನ್ನು ಬೆರಳ ತುದಿಯಲ್ಲಿ ಕೂದಲೆಳೆಯಷ್ಟು ಬಾಗಿಲ ಕಡೆಗೆ ಸರಿಸಿದೆ, ಕರಕರ ಜಾಸ್ತಿ ಆಯಿತು. ಕಿಟಕಿ ಕಡೆಗೆ ಸರಿಸಿದೆ, ಕಡಿಮೆ ಆಯಿತು. ಇನ್ನಷ್ಟು ಸರಿಸಿದಾಗ ಪೂರ್ತಿ ನಿಂತಿತು. ಉಸಿರು ಬಿಗಿಹಿಡಿದು ಸುತ್ತಲೂ ಬಟ್ಟೆ ಕ್ಲಿಪ್ ಹಾಕಿ, ರಾತ್ರಿ ಇಡೀ ಹಾಗೇ ಬಿಟ್ಟೆ.

ಉಳಿದದ್ದು ಕೆಪಾಸಿಟರ್. ಟ್ವೀಟರಿಗೆ ಬೇಸ್ ಹೋಗದ ಹಾಗೆ ತಡೆಯುವ ಸಣ್ಣ ಭಾಗ ಅದು. 8 ಓಮಿನ ಟ್ವೀಟರಿಗೆ 4.7 ಮೈಕ್ರೋಫ್ಯಾರಡ್ ಹಾಕಿದರೆ ಸುಮಾರು 4,200 ಹರ್ಟ್ಸಿಗಿಂತ ಮೇಲಿನದು ದಾಟುತ್ತದೆ. ಹಳೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಒಳಗಿನ ದ್ರವ ಸೆಕೆಗೆ ಒಣಗುತ್ತದೆ, ಅದು 3.3ಕ್ಕೆ ಇಳಿದರೆ ಗಡಿ 6,000ಕ್ಕೆ ಏರುತ್ತದೆ. ನಡುವಿನ ಸದ್ದು ಮಸುಕಾಗುತ್ತದೆ. ಬದಲಿಸುವಾಗ ಧನ ಋಣ ಗುರುತಿರುವ ಮಾಮೂಲಿ ಎಲೆಕ್ಟ್ರೊಲಿಟಿಕ್ ಹಾಕಬೇಡಿ, ಇಲ್ಲಿ ಕರೆಂಟು ಎರಡೂ ಕಡೆ ಹರಿಯುತ್ತದೆ. ಒಣಗದ ಫಿಲ್ಮ್ ಕೆಪಾಸಿಟರ್ ಒಳ್ಳೆಯದು. ಅದರ ಒಳಗಿನ ರೋಧ ತೀರಾ ಕಡಿಮೆ, ಹಾಗಾಗಿ ಟ್ವೀಟರ್ ಕಿವಿಗೆ ಚುಚ್ಚಿದ ಹಾಗೆ ಅನಿಸಿದರೆ ಅರ್ಧ ಓಮಿನ ಒಂದು ರೆಸಿಸ್ಟರನ್ನು ಸಾಲಿನಲ್ಲಿ ಸೇರಿಸಿ. ನಾನು ಸೇರಿಸಿದೆ.

ಮೊದಲು ಹಾಕಿದ್ದು ಅಪ್ಪನ ಯಕ್ಷಗಾನದ ಕ್ಯಾಸೆಟ್. ಚೆಂಡೆಯ ಪೆಟ್ಟು ಯಾವ ಸ್ಪೀಕರಿನಲ್ಲೂ ಕೇಳುತ್ತದೆ, ಫೋನಿನಲ್ಲೂ ಕೇಳುತ್ತದೆ. ಅದರ ಕೆಳಗೆ ಮದ್ದಳೆಯ ಎಡಗೈ ಸದ್ದು ಇದೆಯಲ್ಲ, ಆ ಗುಂ ಅನ್ನುವುದು, ಇಷ್ಟು ವರ್ಷ ಆ ಕ್ಯಾಸೆಟ್ಟಿನಲ್ಲಿ ನಾನು ಕೇಳಿಯೇ ಇರಲಿಲ್ಲ. ಅಪ್ಪ ಒಳಗಿನಿಂದ ಬಂದು ಬಾಗಿಲ ಹತ್ತಿರವೇ ನಿಂತುಕೊಂಡರು.

ಹೊಸ ಫೋಮೂ ಒಂದು ದಿನ ಹೋಗುತ್ತದೆ. ಇನ್ನೊಂದು ಜೊತೆ ತಂದು ಎತ್ತಿಟ್ಟರೂ ಪ್ರಯೋಜನ ಇಲ್ಲ, ಕಪಾಟಿನಲ್ಲಿಟ್ಟದ್ದೂ ಹಾಗೇ ಉದುರುತ್ತದೆ. ಅದಕ್ಕೇ ಡಬ್ಬಿ ಮುಚ್ಚುವ ಮೊದಲು ಒಳಗಿನ ಮರದ ಮೇಲೆ ಪೆನ್ಸಿಲಿನಲ್ಲಿ ತಾರೀಕು, ಫೋಮಿನ ಮೂರು ಅಳತೆ, ಕೆಪಾಸಿಟರ್ ಎಷ್ಟು ಮೈಕ್ರೋಫ್ಯಾರಡಿನದು ಎಲ್ಲ ಬರೆದಿಟ್ಟಿದ್ದೇನೆ. ಮುಂದೆ ಯಾರು ಬಿಚ್ಚುತ್ತಾರೋ ಅವರಿಗೆ ಸ್ಕೇಲ್ ಹುಡುಕುವ ಕೆಲಸ ತಪ್ಪುತ್ತದೆ.