ಕಣ್ಣು ಮುಚ್ಚಿದರೆ ಬರೀ ಕತ್ತಲೆ: ನನ್ನಲ್ಲೇನಾದರೂ ದೋಷವಿದೆಯೇ?

ಪ್ರಶ್ನೆ: “ಕಣ್ಣು ಮುಚ್ಚಿ, ಶಾಂತವಾದ ಒಂದು ಕೆರೆಯನ್ನು ಕಲ್ಪಿಸಿಕೊಳ್ಳಿ” ಎಂದು ಧ್ಯಾನ ಹೇಳಿಕೊಡುವವರು ಹೇಳುತ್ತಾರೆ. ನನಗೆ ಕಾಣುವುದು ಕತ್ತಲೆ ಮಾತ್ರ. ಎಲ್ಲರಿಗೂ ಹಾಗೆಯೇ, ಕಲ್ಪಿಸಿಕೊಳ್ಳುವುದು ಎಂದರೆ ಕೆರೆಯ ಬಗ್ಗೆ ಯೋಚಿಸುವುದು ಎಂದುಕೊಂಡಿದ್ದೆ. ಮೊನ್ನೆ ಗೆಳತಿಯೊಬ್ಬಳು ತನಗೆ ನೀರಿನ ಮೇಲಿನ ಅಲೆಗಳೂ ಕಾಣುತ್ತವೆ ಎಂದಳು. ತೀರಿಹೋದ ತಂದೆಯ ಮುಖವೂ ನನ್ನ ಕಣ್ಣ ಮುಂದೆ ಬರುವುದಿಲ್ಲ. ಜನ ನಿಜಕ್ಕೂ ಮನಸ್ಸಿನಲ್ಲಿ ಚಿತ್ರ ನೋಡುತ್ತಾರೆಯೇ? ನನ್ನಲ್ಲೇನಾದರೂ ದೋಷವಿದೆಯೇ?

ಉತ್ತರ: ಹೌದು, ಬಹಳಷ್ಟು ಜನ ನೋಡುತ್ತಾರೆ. ಇಲ್ಲ, ನಿಮ್ಮಲ್ಲಿ ದೋಷವಿಲ್ಲ. ಮೊದಲಿನಿಂದಲೂ ನೀವು ಹೀಗೆಯೇ ಇದ್ದರೆ ನಿಮ್ಮ ಸ್ಥಿತಿಗೆ ಒಂದು ಹೆಸರಿದೆ: ಅಫ್ಯಾಂಟೇಸಿಯಾ. ಹೆಸರು ದೊಡ್ಡ ಕಾಯಿಲೆಯಂತೆ ಕೇಳಿಸುತ್ತದೆ, ಆದರೆ ಇದು ಕಾಯಿಲೆಯಲ್ಲ.

ಮೊದಲು ಒಂದು ಸಣ್ಣ ಆಟ. ಮೆಟ್ಟಿಲಿನ ಮೇಲೆ ಒಂದು ಬೆಕ್ಕು ಕುಳಿತಿದೆ ಎಂದುಕೊಳ್ಳಿ. ಎರಡು ಕ್ಷಣ ಬಿಟ್ಟು ಮುಂದೆ ಓದಿ.

ಬೆಕ್ಕಿನ ಬಣ್ಣ ಯಾವುದು? ಅದು ಎತ್ತ ನೋಡುತ್ತಿತ್ತು? ಬಾಲ ಕಾಲಿಗೆ ಸುತ್ತಿಕೊಂಡಿತ್ತೋ, ಮೆಟ್ಟಿಲಿನಿಂದ ಕೆಳಗೆ ಇಳಿಬಿದ್ದಿತ್ತೋ? ಇದನ್ನು ನನ್ನ ಅಕ್ಕನಿಗೆ ಕೇಳಿದಾಗ ಅವಳು ಯೋಚಿಸಲೇ ಇಲ್ಲ. “ಬೂದು ಬಣ್ಣ, ಎಡಗಡೆಗೆ ನೋಡುತ್ತಿದೆ, ಒಂದು ಕಿವಿ ಸ್ವಲ್ಪ ಹರಿದಿದೆ” ಎಂದಳು. ಹರಿದ ಕಿವಿಯನ್ನು ನಾನು ಕೇಳಿಯೇ ಇರಲಿಲ್ಲ. ಅವಳ ಪಕ್ಕದಲ್ಲೇ ಇದ್ದ ಭಾವ ಮಾತ್ರ ಅಷ್ಟೇ ಸಹಜವಾಗಿ, “ಬಣ್ಣ ಯಾವುದೆಂದು ನೀನು ಹೇಳಲೇ ಇಲ್ಲವಲ್ಲ?” ಎಂದರು. ಮೂವತ್ತು ವರ್ಷ ಒಟ್ಟಿಗೆ ಬಾಳಿದವರು ಇಬ್ಬರೂ ಒಬ್ಬರನ್ನೊಬ್ಬರು ಹೊಸಬರಂತೆ ನೋಡಿದರು. ನಾನು ಇವರಿಬ್ಬರ ನಡುವಿನವನು. ನನ್ನ ಬೆಕ್ಕಿಗೆ ಬಣ್ಣವಿತ್ತು, ಮೀಸೆ ಇರಲಿಲ್ಲ. ದಿಟ್ಟಿಸಲು ಹೋದರೆ ಬೆಕ್ಕೇ ಮಾಯವಾಗುತ್ತಿತ್ತು.

ಭಾವನವರ ಉತ್ತರದಲ್ಲೇ ಇಡೀ ವಿಷಯ ಅಡಗಿದೆ. ಬೆಕ್ಕು ಎಂದರೇನು ಎಂದು ಅವರಿಗೆ ಚೆನ್ನಾಗಿ ಗೊತ್ತು. ಅದು ಮೆಟ್ಟಿಲಿನ ಮೇಲಿದೆ ಎಂಬ ಸಂಗತಿಯೂ ತಲೆಯಲ್ಲಿದೆ. ಅವರಲ್ಲಿ ಚಿತ್ರವಿಲ್ಲ, ಸಂಗತಿ ಇದೆ. ಚಿತ್ರಕ್ಕಾದರೆ ಏನಾದರೊಂದು ಬಣ್ಣ ಇರಲೇಬೇಕು, ಸಂಗತಿಗೆ ಬಣ್ಣವಿಲ್ಲದಿದ್ದರೂ ನಡೆಯುತ್ತದೆ.

ಇಷ್ಟು ದೊಡ್ಡ ವ್ಯತ್ಯಾಸ ಒಂದೇ ಮನೆಯಲ್ಲಿ ದಶಕಗಟ್ಟಲೆ ಬಯಲಾಗದೆ ಉಳಿಯುವುದು ಹೇಗೆ? ತಪ್ಪು ನಾವು ಆಡುವ ಮಾತಿನದು ಎಂಬುದು ನನ್ನ ಅನಿಸಿಕೆ. “ಕಣ್ಣಿಗೆ ಕಟ್ಟಿದಂತಿದೆ”, “ಇನ್ನೂ ಕಣ್ಮುಂದೆಯೇ ಇದೆ” ಎಂದು ಎಲ್ಲರೂ ಹೇಳುತ್ತೇವೆ. ಚಿತ್ರ ಕಾಣುವವರು ಅದನ್ನು ಇದ್ದದ್ದನ್ನು ಇದ್ದ ಹಾಗೆ ಹೇಳಿದ ಮಾತು ಎಂದುಕೊಳ್ಳುತ್ತಾರೆ. ಕಾಣದವರು ಅಲಂಕಾರದ ಮಾತು ಎಂದುಕೊಳ್ಳುತ್ತಾರೆ. ಇಬ್ಬರೂ ತಲೆಯಾಡಿಸುತ್ತಾರೆ, ಮಾತು ಮುಂದಕ್ಕೆ ಹೋಗುತ್ತದೆ.

ವಿಜ್ಞಾನಿಗಳೂ ಹೀಗೆಯೇ ಮೋಸಹೋಗಿದ್ದರು. 1880ರ ಸುಮಾರಿಗೆ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ತನಗೆ ಗೊತ್ತಿದ್ದವರಿಗೆಲ್ಲ ಒಂದು ಪ್ರಶ್ನಾವಳಿ ಕಳುಹಿಸಿದ: ಈ ದಿನ ಬೆಳಿಗ್ಗೆ ನೀವು ಕುಳಿತಿದ್ದ ಉಪಾಹಾರದ ಮೇಜನ್ನು ನೆನಪಿಸಿಕೊಳ್ಳಿ, ಚಿತ್ರ ಮಸುಕೋ ಸ್ಪಷ್ಟವೋ, ಬಣ್ಣಗಳು ಸಹಜವಾಗಿವೆಯೋ ಬರೆಯಿರಿ. ಅವನ ವಿಜ್ಞಾನಿ ಗೆಳೆಯರಲ್ಲಿ ಹಲವರು, ಮನಸ್ಸಿನಲ್ಲಿ ಚಿತ್ರ ಎಂಬುದೊಂದು ಇದೆ ಎಂದು ಭಾವಿಸಿದ್ದೇ ನಿನ್ನ ಭ್ರಮೆ ಎನ್ನುವ ಧಾಟಿಯಲ್ಲಿ ಉತ್ತರಿಸಿದರು. ತನಗೆ ಬಣ್ಣಗುರುಡು ಇದೆಯೆಂದೇ ಅರಿಯದವನಿಗೆ ಬಣ್ಣದ ಬಗ್ಗೆ ಎಷ್ಟು ಗೊತ್ತೋ ಇವರಿಗೂ ಅಷ್ಟೇ ಗೊತ್ತು ಎಂದು ಗಾಲ್ಟನ್ ಬರೆದ. ವಿಜ್ಞಾನಿಗಳಿಗೇ ಈ ಶಕ್ತಿ ಕಡಿಮೆ ಎಂಬ ಅವನ ತೀರ್ಮಾನ ಮುಂದೆ ಅವನು ಹೇಳಿದಷ್ಟು ಜೋರಾಗಿ ನಿಲ್ಲಲಿಲ್ಲ. ಜನರಲ್ಲಿ ಇಷ್ಟೊಂದು ವ್ಯತ್ಯಾಸವಿದೆ ಎಂಬುದು ಮಾತ್ರ ನಿಂತಿತು. ಆದರೂ ಆಮೇಲೆ ನೂರಕ್ಕೂ ಹೆಚ್ಚು ವರ್ಷ ಚಿತ್ರವೇ ಕಾಣದವರ ಸಂಗತಿಯನ್ನು ಯಾರೂ ದೊಡ್ಡದಾಗಿ ಕೆದಕಲಿಲ್ಲ.

ವಿಷಯ ಮತ್ತೆ ಮೇಲೆದ್ದದ್ದು ಒಬ್ಬ ರೋಗಿಯಿಂದ. ವೃತ್ತಿಯಿಂದ ನಿವೃತ್ತರಾಗಿದ್ದ, ಅರವತ್ತು ದಾಟಿದ್ದ ಒಬ್ಬರಿಗೆ ಹೃದಯದ ರಕ್ತನಾಳದ ಚಿಕಿತ್ಸೆಯ ನಂತರ ಮನಸ್ಸಿನ ಚಿತ್ರಗಳು ಇದ್ದಕ್ಕಿದ್ದಂತೆ ನಿಂತುಹೋದವು. ವೈದ್ಯಕೀಯ ಬರಹಗಳಲ್ಲಿ ಅವರ ಹೆಸರು ಬರೀ ‘ಎಂಎಕ್ಸ್’. ನರವಿಜ್ಞಾನಿ ಆಡಂ ಝೀಮನ್ ಮತ್ತು ಸಂಗಡಿಗರು ಅವರನ್ನು ಪರೀಕ್ಷಿಸಿ 2010ರಲ್ಲಿ ವರದಿ ಪ್ರಕಟಿಸಿದರು. ಪ್ರಸಿದ್ಧರ ಮುಖವನ್ನು ಎದುರಿಗೆ ತೋರಿಸಿದಾಗ ಎಂಎಕ್ಸ್ ಅವರ ಮಿದುಳು ಎಲ್ಲರ ಮಿದುಳಿನಂತೆಯೇ ಕೆಲಸ ಮಾಡಿತು. ಅದೇ ಮುಖವನ್ನು ಕಲ್ಪಿಸಿಕೊಳ್ಳಿ ಎಂದಾಗ, ದೃಷ್ಟಿಗೆ ಸಂಬಂಧಿಸಿದ ಹಿಂಭಾಗದ ಚಟುವಟಿಕೆ ಇತರರಿಗಿಂತ ತಗ್ಗಿ, ಮುಂಭಾಗದ್ದು ಹೆಚ್ಚಿತು. ಸೋಜಿಗದ ಸಂಗತಿ ಎಂದರೆ, ಕಲ್ಪನೆ ಬೇಕೇಬೇಕು ಎನಿಸುವ ಪರೀಕ್ಷೆಗಳಲ್ಲೂ ಅವರ ಉತ್ತರ ಸರಿಯಾಗಿಯೇ ಇತ್ತು.

ಅವರ ಕಥೆ ಒಂದು ವಿಜ್ಞಾನ ಪತ್ರಿಕೆಯಲ್ಲಿ ಬಂದದ್ದೇ ತಡ, “ನಮಗೂ ಹೀಗೆಯೇ, ಆದರೆ ಹುಟ್ಟಿನಿಂದ” ಎನ್ನುವವರು ಪತ್ರ ಬರೆಯತೊಡಗಿದರು. ಅಂಥ 21 ಜನರ ವಿವರ ಸೇರಿಸಿ 2015ರಲ್ಲಿ ಝೀಮನ್ ತಂಡ ಈ ಸ್ಥಿತಿಗೆ ಹೆಸರಿಟ್ಟಿತು. ‘ಫ್ಯಾಂಟೇಸಿಯಾ’ ಎಂಬುದು ಮನಸ್ಸಿನ ಚಿತ್ರಶಕ್ತಿಗೆ ಅರಿಸ್ಟಾಟಲ್ ಬಳಸಿದ ಗ್ರೀಕ್ ಮಾತು. ಅದರ ಮೊದಲಿಗೆ ಸೇರಿದ ‘ಅ’ಕಾರಕ್ಕೆ ನಮ್ಮಲ್ಲಿರುವ ‘ಇಲ್ಲ’ ಎಂಬ ಅರ್ಥವೇ. ಚಿತ್ರವಿಲ್ಲದೆ ಆತ್ಮ ಎಂದೂ ಯೋಚಿಸದು ಎಂದಿದ್ದವನೂ ಇದೇ ಅರಿಸ್ಟಾಟಲ್. ನನ್ನ ಭಾವನವರನ್ನು ಅವನು ಭೇಟಿಯಾಗಿರಲಿಲ್ಲ.

ಇನ್ನು ಎಷ್ಟು ಜನ ಹೀಗೆ? 1973ರಲ್ಲಿ ಡೇವಿಡ್ ಮಾರ್ಕ್ಸ್ ರೂಪಿಸಿದ 16 ಪ್ರಶ್ನೆಗಳ ಅಳತೆಗೋಲನ್ನು ಇಂದಿಗೂ ಬಳಸುತ್ತಾರೆ. ಪರಿಚಿತರ ಮುಖ, ಹುಟ್ಟುವ ಸೂರ್ಯ ಇಂಥವುಗಳಿಗೆ ಒಂದರಿಂದ ಐದರವರೆಗೆ ಅಂಕ. ಒಟ್ಟು 16 ಬಂದರೆ ಪೂರ್ತಿ ಕತ್ತಲೆ, 80 ಬಂದರೆ ಎದುರಿಗೇ ನೋಡಿದಷ್ಟು ಸ್ಪಷ್ಟ. 2022ರ ಒಂದು ಅಧ್ಯಯನದ ಪ್ರಕಾರ ಏನೂ ಕಾಣದವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ತೀರಾ ಮಸುಕಾಗಿ ಕಾಣುವವರನ್ನೂ ಸೇರಿಸಿದರೆ ನೂರಕ್ಕೆ ನಾಲ್ವರು. ಇನ್ನೊಂದು ತುದಿಯಲ್ಲಿ ನನ್ನ ಅಕ್ಕನಂಥವರು. ಆ ಸ್ಥಿತಿಗೆ ಹೈಪರ್‌ಫ್ಯಾಂಟೇಸಿಯಾ ಎನ್ನುತ್ತಾರೆ. ಉಳಿದವರೆಲ್ಲ ನಡುವೆ ಎಲ್ಲೋ ಒಂದು ಕಡೆ. ಅಂದ ಹಾಗೆ, ಚಿತ್ರ ಕಾಣುವವರಿಗೂ ಅದು ಸಾಮಾನ್ಯವಾಗಿ ಮುಚ್ಚಿದ ರೆಪ್ಪೆಯ ಮೇಲೆ ಸಿನಿಮಾದಂತೆ ಮೂಡುವುದಿಲ್ಲ. ರೆಪ್ಪೆಯ ಹಿಂದಿನ ಕತ್ತಲೆ ಅವರಿಗೂ ಇರುತ್ತದೆ, ಚಿತ್ರ ಬೇರೆ ಎಲ್ಲೋ ಇರುತ್ತದೆ. ಆದ್ದರಿಂದ ಕತ್ತಲೆ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ ನಿಮಗೆ ನೀವೇ ಹಣೆಪಟ್ಟಿ ಹಚ್ಚಿಕೊಳ್ಳಬೇಡಿ.

“ಇದೆಲ್ಲ ಜನ ಹೇಳಿದ್ದು ತಾನೇ? ಒಬ್ಬನ ಮಸುಕು ಇನ್ನೊಬ್ಬನ ಸ್ಪಷ್ಟವಿರಬಹುದು” ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಅನುಮಾನ. ನನಗೂ ಇತ್ತು. ಅದನ್ನು ಬಹುಮಟ್ಟಿಗೆ ಕಳೆದದ್ದು ಕಣ್ಣಿನ ಪಾಪೆ. ಬೆಳಕು ಬಿದ್ದರೆ ಪಾಪೆ ಕಿರಿದಾಗುತ್ತದೆ, ಅದು ನಮ್ಮ ಹಿಡಿತದಲ್ಲಿಲ್ಲ. ಚಿತ್ರ ಕಾಣುವವರು ಹೊಳೆಯುವ ಆಕಾರವೊಂದನ್ನು ಬರೀ ಕಲ್ಪಿಸಿಕೊಂಡರೂ ಪಾಪೆ ತುಸು ಕಿರಿದಾಗುತ್ತದೆ. ಆಸ್ಟ್ರೇಲಿಯಾದ ಜೋಯಲ್ ಪಿಯರ್ಸನ್ ಮತ್ತು ಸಂಗಡಿಗರು 2022ರಲ್ಲಿ ಇದನ್ನು ಅಫ್ಯಾಂಟೇಸಿಯಾ ಇರುವವರಲ್ಲಿ ಪರೀಕ್ಷಿಸಿದರು. ನಿಜವಾದ ಹೊಳೆಯುವ ಆಕಾರಕ್ಕೆ ಅವರ ಪಾಪೆ ಎಲ್ಲರಂತೆ ಕಿರಿದಾಯಿತು, ಕಲ್ಪನೆಯ ಆಕಾರಕ್ಕೆ ಆಗಲಿಲ್ಲ. ಅವರು ಪ್ರಯತ್ನವನ್ನೇ ಮಾಡಿರಲಿಕ್ಕಿಲ್ಲ ಎನ್ನುವಂತೆಯೂ ಇಲ್ಲ: ಒಂದರ ಬದಲು ನಾಲ್ಕು ಆಕಾರಗಳನ್ನು ಕಲ್ಪಿಸಿಕೊಳ್ಳಲು ಹೇಳಿದಾಗ ಪಾಪೆ ಹಿಗ್ಗಿತು. ಮನಸ್ಸು ಶ್ರಮಪಡುವಾಗ ಹಾಗಾಗುತ್ತದೆ. ಪಾಪ, ಅವರು ಕಷ್ಟಪಟ್ಟೇ ಪ್ರಯತ್ನಿಸುತ್ತಿದ್ದರು.

ಇದೇ ತಂಡ ಇದಕ್ಕೂ ಮೊದಲು ಎರಡೂ ಬಗೆಯವರನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ ಭಯದ ಕಥೆಗಳನ್ನು ಓದಿಸಿತ್ತು. ಇತರರ ಚರ್ಮ ಬೆವರಿನ ಸುಳಿವು ಕೊಟ್ಟಿತು, ಅಫ್ಯಾಂಟೇಸಿಯಾ ಇರುವವರದು ಹೆಚ್ಚುಕಡಿಮೆ ಇದ್ದಂತೆಯೇ ಇತ್ತು. ಭಯಾನಕ ಚಿತ್ರಗಳನ್ನು ಎದುರಿಗಿಟ್ಟಾಗ ಎರಡು ಗುಂಪಿನವರೂ ಒಂದೇ ತೆರನಾಗಿ ಬೆಚ್ಚಿದರು.

ಈಗ ನಿಮ್ಮ ಪ್ರಶ್ನೆಯ ನೋವಿನ ಭಾಗಕ್ಕೆ ಬರೋಣ. ತಂದೆಯ ಮುಖ ಬರುವುದಿಲ್ಲ ಎಂದರೆ ಅವರನ್ನು ಮರೆತಂತೆಯೇ? ಅಲ್ಲ. ನೆನಪಿನಲ್ಲಿ ಇರುವುದು ಬೇರೆ, ಇರುವುದನ್ನು ಚಿತ್ರವಾಗಿ ಎಬ್ಬಿಸುವುದು ಬೇರೆ. ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಕೋಣೆಗಳ ಫೋಟೋ ತೋರಿಸಿ, ಆಮೇಲೆ ನೆನಪಿನಿಂದ ಬಿಡಿಸಲು ಹೇಳಿದರು. ಅಫ್ಯಾಂಟೇಸಿಯಾ ಇದ್ದವರ ಚಿತ್ರದಲ್ಲಿ ವಸ್ತುಗಳು ಕಡಿಮೆ, ಬಣ್ಣ ಕಡಿಮೆ. ಕೆಲವರು ಕಿಟಕಿ ಬಿಡಿಸುವ ಬದಲು ಒಂದು ಚೌಕ ಹಾಕಿ ‘ಕಿಟಕಿ’ ಎಂದು ಬರೆಯುವಂತೆ ಅಕ್ಷರಗಳ ಮೊರೆಹೋದರು. ಆದರೆ ಯಾವ ವಸ್ತು ಎಲ್ಲಿತ್ತು, ಎಷ್ಟು ದೊಡ್ಡದಿತ್ತು ಎಂಬುದರಲ್ಲಿ ಅವರು ಯಾರಿಗೂ ಕಡಿಮೆಯಿರಲಿಲ್ಲ. ಕೋಣೆಯಲ್ಲಿ ಇಲ್ಲದ್ದನ್ನು ಸೇರಿಸಿದ ತಪ್ಪುಗಳು ಚಿತ್ರ ಕಾಣುವವರಲ್ಲೇ ಹೆಚ್ಚು. ಸ್ಪಷ್ಟವಾಗಿ ಕಾಣುವುದೆಲ್ಲ ಸತ್ಯವಲ್ಲ ಎನ್ನುವುದನ್ನು ಅಕ್ಕನಿಗೆ ಹೇಳಿದೆ. ಅವಳಿಗೆ ಅದು ರುಚಿಸಲಿಲ್ಲ.

ಹಾಗೆಂದು ಏನೂ ನಷ್ಟವಿಲ್ಲ ಎಂದು ಸುಳ್ಳು ಸಮಾಧಾನ ಹೇಳಲಾರೆ. ಅಫ್ಯಾಂಟೇಸಿಯಾ ಇರುವ ಹಲವರು ತಮ್ಮ ಬದುಕಿನ ಹಳೆಯ ಘಟನೆಗಳನ್ನು ವಿವರವಾಗಿ ನೆನೆಯಲಾಗುವುದಿಲ್ಲ ಎನ್ನುತ್ತಾರೆ. ಮುಖಗಳನ್ನು ಗುರುತಿಸುವುದು ಕಷ್ಟ ಎನ್ನುವವರೂ ಇದ್ದಾರೆ. ತಂದೆ ನಕ್ಕದ್ದು ಗೊತ್ತು, ಆ ನಗು ಕಾಣದು ಎಂಬ ನಿಮ್ಮ ಸಂಕಟ ನಿಜವಾದದ್ದೇ. ಫೋಟೋಗಳನ್ನು ಕೈಗೆ ಸಿಗುವ ಜಾಗದಲ್ಲಿಡಿ, ದನಿಯ ಧ್ವನಿಮುದ್ರಿಕೆ ಇದ್ದರೆ ಜೋಪಾನ ಮಾಡಿ. ಮತ್ತೊಂದು ಮಾತು: ಹುಟ್ಟಿನಿಂದ ಅಫ್ಯಾಂಟೇಸಿಯಾ ಇರುವ ಬಹಳಷ್ಟು ಜನರಿಗೆ ಕನಸಿನಲ್ಲಿ ಚಿತ್ರಗಳು ಕಾಣುತ್ತವೆ. ಎಚ್ಚರದಲ್ಲಿ ಕರೆದರೆ ಬಾರದ ಮುಖ ನಿದ್ದೆಯಲ್ಲಿ ತಾನಾಗಿ ಬರಬಹುದು.

ಕಲ್ಪನಾಶಕ್ತಿ ಇಲ್ಲವೇ ಎಂಬ ಅಂಜಿಕೆಯಂತೂ ಬೇಡವೇ ಬೇಡ. ಪಿಕ್ಸಾರ್ ಅನಿಮೇಷನ್ ಸ್ಟುಡಿಯೋದ ಅಧ್ಯಕ್ಷರಾಗಿದ್ದ ಎಡ್ ಕ್ಯಾಟ್ಮಲ್ ಅವರಿಗೆ ಮನಸ್ಸಿನಲ್ಲಿ ಏನೂ ಕಾಣುವುದಿಲ್ಲ. ‘ದಿ ಲಿಟಲ್ ಮರ್ಮೇಡ್’ ಅನಿಮೇಷನ್ ಚಿತ್ರದ ಏರಿಯಲ್ ಎಂಬ ಮತ್ಸ್ಯಕನ್ಯೆಗೆ ರೂಪ ಕೊಟ್ಟ ಕಲಾವಿದ ಗ್ಲೆನ್ ಕೀನ್ ಅವರಿಗೂ ಅಷ್ಟೇ. ಕ್ಯಾಟ್ಮಲ್ ಕುತೂಹಲದಿಂದ ತಮ್ಮ ಸಹೋದ್ಯೋಗಿಗಳಿಗೂ ಪ್ರಶ್ನಾವಳಿ ಕೊಟ್ಟು ನೋಡಿದರು. ಚಿತ್ರ ಬಿಡಿಸುವವರಿಗಿಂತ ನಿರ್ವಹಣೆ ನೋಡಿಕೊಳ್ಳುವವರ ಮನಸ್ಸಿನ ಚಿತ್ರಗಳೇ ತುಸು ಸ್ಪಷ್ಟವಾಗಿದ್ದವಂತೆ! ಕೀನ್ ಅಂಥವರು ತಲೆಯಲ್ಲಿ ನೋಡಿ ಕಾಗದಕ್ಕೆ ಇಳಿಸುವುದಿಲ್ಲ. ಗೆರೆ ಎಳೆದು, ಕಾಗದದ ಮೇಲೆಯೇ ಹುಡುಕುತ್ತಾರೆ.

ಒಂದು ಎಚ್ಚರಿಕೆ ಮಾತ್ರ ಇದೆ. ಮೊದಲು ಕಾಣುತ್ತಿದ್ದ ಚಿತ್ರಗಳು ಎಂಎಕ್ಸ್ ಅವರಿಗೆ ಆದಂತೆ ಹಠಾತ್ತನೆ ನಿಂತುಹೋದರೆ ವೈದ್ಯರನ್ನು ಕಾಣಬೇಕು. ಹುಟ್ಟಿನಿಂದ ಹೀಗಿದ್ದರೆ ಚಿಕಿತ್ಸೆಯ ಮಾತೇ ಇಲ್ಲ, ‘ಒಳಗಣ್ಣು ತೆರೆಸುತ್ತೇವೆ’ ಎನ್ನುವವರಿಗೆ ಹಣ ಕೊಡುವ ಅಗತ್ಯವೂ ಇಲ್ಲ. ಧ್ಯಾನದಲ್ಲಿ ಕೆರೆಯ ಬದಲು ಉಸಿರಾಟದ ಮೇಲೆ ಗಮನವಿಡಿ, ಅದಕ್ಕೆ ಚಿತ್ರ ಬೇಕಿಲ್ಲ.

ನಿಮ್ಮ ಮನಸ್ಸು ಹೇಗೆ ಕೆಲಸ ಮಾಡುತ್ತದೆಂದು ನೋಡಬೇಕೆಂದರೆ, ಈ ಪುಟದಿಂದ ಕಣ್ಣು ತೆಗೆದು ಹೇಳಿ: ಪವರ್ಗದ ಮೂರನೆಯ ಮತ್ತು ನಾಲ್ಕನೆಯ ಅಕ್ಷರಗಳಲ್ಲಿ ತಲೆಕಟ್ಟು ಇರುವುದು ಯಾವುದಕ್ಕೆ? ಅಕ್ಕ ಅಕ್ಷರಗಳನ್ನು ಗಾಳಿಯಲ್ಲಿ ನೋಡಿ ಹೇಳಿದಳು. ಭಾವ ತೋರುಬೆರಳನ್ನು ತೊಡೆಯ ಮೇಲೆ ಆಡಿಸಿ, ಎರಡನ್ನೂ ಬರೆದು ಹೇಳಿದರು. ಇಬ್ಬರ ಉತ್ತರವೂ ಒಂದೇ: ನಾಲ್ಕನೆಯದಕ್ಕೆ.